ವಾಡಿಯ ರೈಲ್ವೆ ಅಂಗಳ: ಒಂದು ಕವಲಿನ ಚರಿತ್ರೆ

ಚಿಂಚೋಳಿಯ ಮಗ್ಗುಲಲ್ಲಿರುವ ಚಂದಾಪುರದಿಂದ ಒಬ್ಬ ಗೃಹಸ್ಥರು ದೂರಪ್ರಯಾಣಕ್ಕೆ ಹೊರಡುತ್ತಾರೆಂದು ಭಾವಿಸೋಣ. ಅವರ ಊರಿಗೆ ರೈಲಿಲ್ಲ. ಮೊದಲು ಬಸ್ಸನ್ನು ಹಿಡಿದು ತಾಂಡೂರನ್ನೋ ಸೇಡಂ ಪಟ್ಟಣವನ್ನೋ ಸೇರಬೇಕು. ಅಲ್ಲಿಂದ ಗಾಡಿಯೇರಿ ಚಿತ್ತಾಪುರದ ಮೇಲಾಗಿ ವಾಡಿಗೆ ಬರಬೇಕು. ವಾಡಿಯಲ್ಲಿ ಇಳಿದ ಮೇಲೆ ಅವರ ಮುಂದೆ ಲೋಕವೇ ತೆರೆದಂತಾಗುತ್ತದೆ. ಮುಂಬಯಿಗೆ ಹೋಗಬೇಕೆ? ನೇರವಾದ ಗಾಡಿಯುಂಟು. ಮದ್ರಾಸಿಗೆ ಹೋಗಬೇಕೆ? ಅದಕ್ಕೂ ಉಂಟು. ಹೈದರಾಬಾದಿಗಾದರೆ ಬಂದ ದಾರಿಯಲ್ಲೇ ಹಿಂದಿರುಗಿದರೆ ಸರಿ. ಆದರೆ ಅವರು ಗದಗಕ್ಕೆ ಹೋಗಬೇಕು, ಹುಬ್ಬಳ್ಳಿಯಲ್ಲಿ ಮಗಳ ಮನೆಯಿದೆ ಎಂದರೆ? ಆಗ ಸೊಲ್ಲಾಪುರದ ದಿಕ್ಕಿಗೆ ಹೋಗಿ ಅಲ್ಲಿಂದ ತಿರುಗಿ ವಿಜಯಪುರದ ಮೇಲಾಗಿ ಇಳಿಯಬೇಕು. ಇಲ್ಲವೇ ರಾಯಚೂರನ್ನು ದಾಟಿ ಗುಂತಕಲ್ಲಿಗೆ ಹೋಗಿ ಬಳ್ಳಾರಿಯ ದಾರಿಯನ್ನು ಹಿಡಿಯಬೇಕು. ಕನ್ನಡ ಜಿಲ್ಲೆಯಿಂದ ಕನ್ನಡ ಜಿಲ್ಲೆಗೆ ಹೋಗುವುದಕ್ಕೆ ಬೇರೆ ರಾಜ್ಯದ ನೆಲವನ್ನು ಸುತ್ತಿ ಬರಬೇಕಾದ ಈ ವಿಚಿತ್ರಕ್ಕೆ ಕಾರಣವೇನು? ಅದರ ಉತ್ತರವು ವಾಡಿಯ ರೈಲ್ವೆ ಅಂಗಳದ ವಿನ್ಯಾಸದಲ್ಲೇ ಇದೆಯೆಂಬುದು ನಮ್ಮ ಅಭಿಪ್ರಾಯ. ಆ ಅಂಗಳವು ಹೇಗೆ ಹುಟ್ಟಿತು, ಹೇಗೆ ಕೆಲಸ ಮಾಡುತ್ತಿತ್ತು, ಅದರ ಯಾವ ಭಾಗ ಅಳಿಯಿತು, ಯಾವುದು ಉಳಿಯಿತು ಎಂಬುದನ್ನು ಶ್ರೋತೃಗಳ ಮುಂದೆ ಕ್ರಮವಾಗಿ ನಿವೇದಿಸುವುದೇ ಈ ಭಾಷಣದ ಉದ್ದೇಶ.

ವಾಡಿ ಎಂಬ ಮಾತಿಗೆ ಸಣ್ಣ ವಸತಿ, ಹಟ್ಟಿ ಎಂದು ಅರ್ಥ. ಕಲಬುರ್ಗಿಯಿಂದ ಆಗ್ನೇಯಕ್ಕೆ ಸುಮಾರು 23 ಮೈಲಿ ದೂರದಲ್ಲಿ, ಚಿತ್ತಾಪುರ ತಾಲ್ಲೂಕಿನ ಸುಣ್ಣಕಲ್ಲಿನ ಬಯಲಿನಲ್ಲಿ ಈ ಊರಿದೆ. ಸುತ್ತಮುತ್ತ ಚರಿತ್ರೆಯ ನೆಲೆಗಳಿಗೇನೂ ಕೊರತೆಯಿಲ್ಲ. ಪೂರ್ವಕ್ಕೆ ಕಾಗಿಣಾ ತೀರದಲ್ಲಿ ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಅಮೋಘವರ್ಷ ನೃಪತುಂಗನ ರಾಜಧಾನಿ, ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನ, ಚಿತ್ತಾಪುರದ ಬಳಿ ವಿದ್ಯಾಕೇಂದ್ರವಾಗಿ ಮೆರೆದ ನಾಗಾವಿ, ಭೀಮಾ ತೀರದಲ್ಲಿ ಬೌದ್ಧ ಸ್ತೂಪದ ಅವಶೇಷಗಳುಳ್ಳ ಸನ್ನತಿ. ಇವುಗಳ ನಡುವೆ ವಾಡಿಗೆ ಅಂಥ ಹಿರಿಮೆಯಾವುದೂ ಇರಲಿಲ್ಲ. ರೈಲು ಬಂದುದರಿಂದಲೇ ಅದು ಊರಾಯಿತು. ಎರಡು ರೈಲುಗಳು ಕೂಡಿದುದರಿಂದ ಅದು ಹೆಸರಾಯಿತು. ಅತ್ತ ಮಾನ್ಯಖೇಟವೆಂಬ ಮಹಾನಗರವು ‘ಮಳಖೇಡ ರೋಡ್’ ಎಂಬ ಸಣ್ಣ ನಿಲ್ದಾಣವಾಗಿ ವೇಳಾಪಟ್ಟಿಯ ಒಂದು ಸಾಲಿನಲ್ಲಿ ಅಡಗಿತು. ಕಬ್ಬಿಣದ ದಾರಿಯು ಊರುಗಳ ಅದೃಷ್ಟವನ್ನು ಹೇಗೆ ಅದಲುಬದಲು ಮಾಡುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ನಮ್ಮ ನಾಡಿನಲ್ಲಿ ವಿರಳ.

ಮೊದಲು ಬಂದುದು ಮುಂಬಯಿಯ ದಾರಿ. 1849ರಲ್ಲಿ ಸ್ಥಾಪಿತವಾದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪೆನಿಯು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ತನ್ನ ಪ್ರಥಮ ಗಾಡಿಯನ್ನು ಓಡಿಸಿತು. ಮುಂದೆ ಪುಣೆ, ಸೊಲ್ಲಾಪುರಗಳನ್ನು ಮುಟ್ಟಿ, 1863ರಲ್ಲಿ ಭೋರ್ ಘಾಟಿನ ಏರನ್ನು ಗೆದ್ದಿತು. ಸೊಲ್ಲಾಪುರದಿಂದ ಮುಂದಕ್ಕೆ ನಿಜಾಮರ ಸೀಮೆ. ಆ ಸೀಮೆಯನ್ನು ಉದ್ದಕ್ಕೂ ಸೀಳಿಕೊಂಡು 1870ರಲ್ಲಿ ಹಳಿಗಳು ಕಲಬುರ್ಗಿಗೆ ಬಂದವು. 1871ರಲ್ಲಿ ಕೃಷ್ಣಾ ನದಿಯನ್ನು ದಾಟಿ ರಾಯಚೂರನ್ನು ಸೇರಿದವು. ಅದೇ ವರ್ಷ ಮದ್ರಾಸು ರೈಲ್ವೆಯ ಹಳಿಗಳೂ ಎದುರು ದಿಕ್ಕಿನಿಂದ ರಾಯಚೂರಿಗೆ ಬಂದು ಸಂಧಿಸಿದವು. ಮುಂಬಯಿ ಮದ್ರಾಸುಗಳೆಂಬ ಎರಡು ಬಂದರುಗಳನ್ನು ಬೆಸೆಯುವ ಹೆಮ್ಮೆಯ ಕೆಲಸವು ಹೀಗೆ ಕನ್ನಡನೆಲದಲ್ಲಿ ಸಮಾಪ್ತವಾಯಿತು. ಆದರೆ ಕಲಬುರ್ಗಿ, ಶಹಾಬಾದ್, ಯಾದಗಿರಿಗಳು ಆ ಬೆಸುಗೆಯ ನಡುವೆ ಸಿಕ್ಕ ಊರುಗಳೇ ಹೊರತು ಅದರ ಗುರಿಯಾಗಿರಲಿಲ್ಲ ಎಂಬುದನ್ನು ಮರೆಯಲಾಗದು.

ಈ ದಾರಿಯು ನಿಜಾಮರ ರಾಜ್ಯದಲ್ಲಿ ಹಾದರೂ ಅವರ ರಾಜಧಾನಿಯನ್ನು ಬಹು ದೂರದಲ್ಲೇ ಬಿಟ್ಟು ಹೋಗಿತ್ತು. ಹೈದರಾಬಾದಿನ ಪಕ್ಕದ ಸಿಕಂದರಾಬಾದಿನಲ್ಲಿ ಬ್ರಿಟಿಷರ ದೊಡ್ಡ ದಂಡು ನೆಲೆಸಿತ್ತು. ಸೈನ್ಯವನ್ನು ತ್ವರೆಯಾಗಿ ಸಾಗಿಸುವುದಕ್ಕೆ ರೈಲು ಬೇಕೆಂಬುದು ಭಾರತ ಸರ್ಕಾರದ ಒತ್ತಾಯ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಎಳೆಯ ಬಾಲಕರು. ರಾಜ್ಯಭಾರವು ಮಂತ್ರಿ ಸಾಲಾರ್ ಜಂಗರ ಕೈಯಲ್ಲಿತ್ತು. 1870ರಲ್ಲಿ ಒಪ್ಪಂದವಾಯಿತು. ಹಣವು ನಿಜಾಮ ಸರ್ಕಾರದ್ದು. ಅನುಕೂಲವು ಬಹುಮಟ್ಟಿಗೆ ದಂಡಿನದು. 1874ರ ಅಕ್ಟೋಬರಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ, ಸುಮಾರು 120 ಮೈಲಿಗಳ ದಾರಿಯು ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದುಗಳು ಅದರ ನಿಲ್ದಾಣಗಳಾದವು. ಆ ದಿನ ವಾಡಿಯು ನಿಲ್ದಾಣವೆಂಬ ಹೆಸರನ್ನು ನೀಗಿ ಜಂಕ್ಷನ್ನಾಯಿತು.

ಇನ್ನು ಅಂಗಳದ ವಿನ್ಯಾಸದ ಕಡೆಗೆ ದೃಷ್ಟಿಯನ್ನು ಹಾಯಿಸೋಣ. ಶ್ರೋತೃಗಳು ಒಂದು ಕವೆಗೋಲನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಅದರ ಹಿಡಿಯು ವಾಯವ್ಯಕ್ಕೆ, ಎಂದರೆ ಶಹಾಬಾದ್, ಕಲಬುರ್ಗಿ, ಸೊಲ್ಲಾಪುರಗಳ ಮೇಲೆ ಮುಂಬಯಿಗೆ ಚಾಚಿದೆ. ಒಂದು ಕವಲು ದಕ್ಷಿಣಕ್ಕೆ ಇಳಿದು ನಾಲವಾರ, ಯಾದಗಿರಿಗಳ ಮೇಲೆ ರಾಯಚೂರಿಗೂ ಮದ್ರಾಸಿಗೂ ಹೋಗುತ್ತದೆ. ಇನ್ನೊಂದು ಕವಲು ಪೂರ್ವಕ್ಕೆ ತಿರುಗಿ ಚಿತ್ತಾಪುರದ ಮೇಲೆ ಹೈದರಾಬಾದಿಗೆ ಹೋಗುತ್ತದೆ. ಹಿಡಿಯ ಕಡೆಯಿಂದ ಬಂದ ಗಾಡಿಯು ಎರಡು ಕವಲುಗಳಲ್ಲಿ ಯಾವುದನ್ನಾದರೂ ಮುಖ ತಿರುಗಿಸದೆ ಹೊಕ್ಕಬಹುದು. ಆದರೆ ಒಂದು ಕವಲಿನಿಂದ ಬಂದು ಇನ್ನೊಂದು ಕವಲಿಗೆ ಹೋಗಬೇಕಾದರೆ? ರಾಯಚೂರಿನ ಗಾಡಿಯು ಹೈದರಾಬಾದಿಗೆ ಹೋಗಬೇಕಾದರೆ ಅದು ಮೊದಲು ವಾಡಿಗೆ ಬಂದು ಮುಂಬಯಿಯತ್ತ ಮುಖಮಾಡಿ ನಿಲ್ಲಬೇಕು. ಆಮೇಲೆ ಇಂಜಿನ್ನನ್ನು ಕಳಚಿ, ಪಕ್ಕದ ಹಳಿಯ ಮೇಲೆ ಓಡಿಸಿ, ಗಾಡಿಯ ಬಾಲಕ್ಕೆ ಹೂಡಬೇಕು. ಬಾಲವೇ ತಲೆಯಾಗಿ ಗಾಡಿಯು ಹಿಮ್ಮುಖವಾಗಿ ಹೊರಡಬೇಕು. ಈ ಏರ್ಪಾಟಿನ ಅರ್ಥವು ಸ್ಪಷ್ಟವಾಗಿದೆ. ಅಂಗಳವನ್ನು ರಚಿಸಿದವರು ಹೈದರಾಬಾದಿಗೂ ರಾಯಚೂರಿಗೂ ಇರುವ ಸಂಬಂಧವನ್ನು ಗಣಿಸಲಿಲ್ಲ. ಎರಡಕ್ಕೂ ಮುಂಬಯಿಯೊಡನೆ ಇರುವ ಸಂಬಂಧವನ್ನೇ ಗಣಿಸಿದರು. ರಾಯಚೂರು ಮತ್ತು ಹೈದರಾಬಾದುಗಳು ಒಂದೇ ಪ್ರಭುವಿನ ಒಂದೇ ರಾಜ್ಯದ ಊರುಗಳು. ಆದರೂ ಅವುಗಳ ನಡುವಣ ಪ್ರಯಾಣಿಕನು ವಾಡಿಯಲ್ಲಿ ಬೆನ್ನು ತಿರುಗಿಸಿಯೇ ಹೋಗಬೇಕಾಗಿತ್ತು. ಕವೆಗೋಲಿನ ಹಿಡಿಯು ಯಾರ ಕೈಯಲ್ಲಿತ್ತೆಂಬುದನ್ನು ಹಳಿಗಳೇ ಸಾರುತ್ತಿದ್ದವು.

ಎರಡು ಆಡಳಿತಗಳು ಕೂಡುವ ಸ್ಥಳದ ಅಂಗಳವು ಸಾಮಾನ್ಯ ನಿಲ್ದಾಣದ ಅಂಗಳದಂತಲ್ಲ. ಸಾಮಾನ್ಯ ನಿಲ್ದಾಣಕ್ಕೆ ಒಂದು ಮುಖ್ಯ ಹಳಿ, ಗಾಡಿಗಳು ಒಂದನ್ನೊಂದು ಹಾಯಲು ಒಂದೆರಡು ಲೂಪು ಹಳಿಗಳು, ಸರಕಿನ ಶೆಡ್ಡಿಗೆ ಹೋಗುವ ಒಂದು ಸೈಡಿಂಗು ಇದ್ದರೆ ಸಾಕು. ಜಂಕ್ಷನ್ನಿನಲ್ಲಾದರೋ ಇವುಗಳ ಮೇಲೆ ವಿನಿಮಯದ ಹಳಿಗಳು ಬೇಕು. ಒಂದು ಆಡಳಿತವು ತಂದ ಸರಕಿನ ವ್ಯಾಗನ್ನುಗಳನ್ನು ಅಲ್ಲಿ ನಿಲ್ಲಿಸಬೇಕು. ಶಂಟಿಂಗು ಇಂಜಿನ್ನು ಅವುಗಳನ್ನು ಬಿಡಿಸಿ, ಊರಿಗೆ ತಕ್ಕಂತೆ ವಿಂಗಡಿಸಿ, ಹೊಸ ಸಾಲಾಗಿ ಜೋಡಿಸಬೇಕು. ಆಮೇಲೆ ಇನ್ನೊಂದು ಆಡಳಿತವು ಅವನ್ನು ಎಳೆದೊಯ್ಯಬೇಕು. ಎರಡು ದಾರಿಗಳ ಹಳಿಯ ಅಗಲವೂ ಐದೂವರೆ ಅಡಿಯೇ ಆದುದರಿಂದ ವಾಡಿಯಲ್ಲಿ ಮೂಟೆಗಳನ್ನು ಇಳಿಸಿ ಏರಿಸುವ ಕಷ್ಟವಿರಲಿಲ್ಲ; ವ್ಯಾಗನ್ನೇ ಗಡಿಯನ್ನು ದಾಟುತ್ತಿತ್ತು. ಆದರೆ ವ್ಯಾಗನ್ನು ದಾಟಿದಾಗ ಲೆಕ್ಕವೂ ದಾಟಬೇಕು. ಪರರ ವ್ಯಾಗನ್ನು ತನ್ನ ಹಳಿಯ ಮೇಲೆ ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ ಬಾಡಿಗೆಯನ್ನು ತೆರಬೇಕು. ದಾಟುವ ಮುಂಚೆ ಪರೀಕ್ಷಕನು ಗಾಲಿ, ಅಚ್ಚು, ಕೊಂಡಿಗಳನ್ನು ಬಡಿದು ನೋಡಿ, ಮುರಿದುದು ಯಾರ ಕಾಲದಲ್ಲಿ ಮುರಿಯಿತೆಂದು ಗುರುತು ಹಾಕಬೇಕು. ಗುಮಾಸ್ತನೊಬ್ಬನು ಹಳಿಗಳ ಉದ್ದಕ್ಕೂ ನಡೆದು ಪ್ರತಿಯೊಂದು ವ್ಯಾಗನ್ನಿನ ಅಂಕಿಯನ್ನು ಬರೆದುಕೊಳ್ಳಬೇಕು. ಸಂಗಮಸ್ಥಾನಗಳ ಅಂಗಳದಲ್ಲಿ ರಾತ್ರಿಯ ವೇಳೆ ಕಂದೀಲನ್ನು ಹಿಡಿದು ಓಡಾಡುತ್ತಿದ್ದವರಲ್ಲಿ ಗಾಡಿಯನ್ನು ಓಡಿಸುವವರಷ್ಟೇ ಗಾಡಿಯನ್ನು ಎಣಿಸುವವರೂ ಇರುತ್ತಿದ್ದರು.

ಉಗಿಯ ಇಂಜಿನ್ನಿನ ಕಾಲದಲ್ಲಿ ಅಂಗಳಕ್ಕೆ ಇನ್ನೂ ಕೆಲವು ಅಂಗಗಳು ಅವಶ್ಯವಾಗಿದ್ದವು. ಇಂಜಿನ್ನು ಬಾಯಾರುವ ಪ್ರಾಣಿ. ನೂರು ಮೈಲಿ ಓಡುವುದರೊಳಗೆ ಅದಕ್ಕೆ ನೀರನ್ನು ಕುಡಿಸಬೇಕು. ಆದುದರಿಂದ ಎತ್ತರದ ತೊಟ್ಟಿ, ಹಳಿಯ ಪಕ್ಕದಲ್ಲಿ ಆನೆಯ ಸೊಂಡಿಲಿನಂತೆ ತಿರುಗುವ ನೀರಿನ ಕೊಳವೆ; ಕಲ್ಲಿದ್ದಲಿನ ರಾಶಿ; ಬೂದಿಯನ್ನು ಕೆಡಹುವ ಗುಂಡಿ; ಇಂಜಿನ್ನಿನ ಮುಖವನ್ನು ತಿರುಗಿಸುವ ತಿರುಗಣೆ. ಒಂದು ಆಡಳಿತದ ಇಂಜಿನ್ನು ಇಲ್ಲಿಗೆ ನಿಂತು ಮತ್ತೊಂದರ ಇಂಜಿನ್ನು ಹೂಡುವ ಕಡೆ ಈ ಏರ್ಪಾಟುಗಳು ಮತ್ತಷ್ಟು ಹೆಚ್ಚಬೇಕಾಗುವುದು ಸಹಜ. ಇಂಜಿನ್ನು ಬದಲಾಗುವಷ್ಟು ಹೊತ್ತು ಪ್ರಯಾಣಿಕರಿಗೂ ವಿರಾಮ. ಹಳೆಯ ಪ್ರವಾಸ ಕೈಪಿಡಿಗಳನ್ನು ಓದಿದವರಿಗೆ ವಾಡಿಯೆಂದರೆ ಹೈದರಾಬಾದಿಗೆ ಗಾಡಿಯನ್ನು ಬದಲಿಸುವ ತಾಣವೆಂದೇ ಪರಿಚಯ. ಅರ್ಧರಾತ್ರಿಯಲ್ಲಿ ಹಾಸಿಗೆಯ ಸುರುಳಿಯ ಮೇಲೆ ಕುಳಿತು, ಮಕ್ಕಳನ್ನು ಎಬ್ಬಿಸಲೋ ಬೇಡವೋ ಎಂದು ಯೋಚಿಸುತ್ತ, ಮುಂದಿನ ಗಾಡಿಯ ಕೈಮರವು ಬೀಳುವುದನ್ನೇ ನೋಡುತ್ತಿದ್ದ ಕುಟುಂಬಗಳ ನೆನಪು ನಮ್ಮ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು.

ಅಂಗಳದ ಗೆರೆಗಳು ಹಳಿಗಳ ಗೆರೆಗಳು ಮಾತ್ರವೇ ಆಗಿರಲಿಲ್ಲ. ಮುಂಬಯಿ ಮದ್ರಾಸು ದಾರಿಯು ನಿಜಾಮರ ನೆಲದಲ್ಲಿದ್ದರೂ ಆ ರೈಲ್ವೆ ಭೂಮಿಯ ಮೇಲಣ ನ್ಯಾಯಾಧಿಕಾರವು ಬ್ರಿಟಿಷರಿಗೆ ಒಪ್ಪಿಸಲ್ಪಟ್ಟಿತ್ತು. ಆದುದರಿಂದ ರೈಲ್ವೆಯ ಎಲ್ಲೆಯೊಳಗೆ ನಡೆದ ಅಪರಾಧಕ್ಕೆ ಒಂದು ಕಾನೂನು, ಎಲ್ಲೆಯನ್ನು ದಾಟಿ ಊರಿನ ಬೀದಿಗಿಳಿದರೆ ಮತ್ತೊಂದು ಕಾನೂನು. ನಾಣ್ಯದಲ್ಲಿಯೂ ಇದೇ ದ್ವೈತ. ಬ್ರಿಟಿಷ್ ಭಾರತದ ರೂಪಾಯಿಯನ್ನು ಜನರು ‘ಕಲ್ದಾರ್’ ಎನ್ನುತ್ತಿದ್ದರು. ನಿಜಾಮರ ರೂಪಾಯಿಯು ‘ಹಾಲಿ ಸಿಕ್ಕಾ’. 100 ಕಲ್ದಾರ್ ರೂಪಾಯಿಗೆ ಹಾಲಿಯ ಲೆಕ್ಕದಲ್ಲಿ 116 ರೂಪಾಯಿ 10 ಆಣೆ 8 ಪೈಯೆಂಬುದು ಸರ್ಕಾರೀ ವಿನಿಮಯ ದರ. ಎಂದರೆ 6 ಕಲ್ದಾರಿಗೆ 7 ಹಾಲಿ. ರಾಜ್ಯದೊಳಕ್ಕೆ ಬರುವ, ಹೊರಕ್ಕೆ ಹೋಗುವ ಸರಕಿನ ಮೇಲೆ ನಿಜಾಮ ಸರ್ಕಾರದ ‘ಕರೋಡಗಿರಿ’ಯೆಂಬ ಸುಂಕವು ಬೇರೆ. ಕಾಲಕ್ಕೂ ಈ ಭೇದವು ತಪ್ಪಲಿಲ್ಲ: 1906ರಲ್ಲಿ ಭಾರತಕ್ಕೆಲ್ಲ ಒಂದೇ ಪ್ರಮಾಣಕಾಲವು ಬರುವವರೆಗೆ ರೈಲ್ವೆಗಳು ಮದ್ರಾಸು ಸಮಯವನ್ನು ಅನುಸರಿಸುತ್ತಿದ್ದವು, ಊರಿನ ರೈತನು ಸೂರ್ಯನನ್ನು ನೋಡಿ ಹೊತ್ತನ್ನು ಎಣಿಸುತ್ತಿದ್ದನು. ಹೀಗೆ ಅಂಗಳದ ಬೇಲಿಯನ್ನು ದಾಟಿದ ಹಳ್ಳಿಗನಿಗೆ ಒಂದೇ ಹೆಜ್ಜೆಯಲ್ಲಿ ಕಾನೂನು, ಕಾಸು, ಕಾಲ ಮೂರೂ ಬದಲಾಗುತ್ತಿದ್ದವು.

ದಾರಿಯ ಒಡೆತನದ ಪ್ರಶ್ನೆಯು ಹೈದರಾಬಾದಿನಲ್ಲಿ ಸಾರ್ವಜನಿಕ ಜೀವನವನ್ನೇ ಎಚ್ಚರಿಸಿತೆಂದರೆ ಅತಿಶಯೋಕ್ತಿಯಾಗದು. 1883ರಲ್ಲಿ ಈ ರೈಲನ್ನು ಒಂದು ಇಂಗ್ಲಿಷ್ ಕಂಪೆನಿಗೆ ವಹಿಸಿ, ಅದನ್ನು ಪೂರ್ವಕ್ಕೂ ಚಾಂದಾ ಪ್ರಾಂತದ ಕಡೆಗೂ ಬೆಳೆಸುವ ಯೋಜನೆಯು ಹೊರಟಿತು. ಇಲ್ಲಿ ಚಾಂದಾ ಎಂದರೆ ನಮ್ಮ ಚಂದಾಪುರವಲ್ಲ. ಇಂದಿನ ಮಹಾರಾಷ್ಟ್ರದಲ್ಲಿರುವ ಚಂದ್ರಪುರ. ಕಂಪೆನಿಯು ಹೂಡುವ ಬಂಡವಾಳಕ್ಕೆ ಶೇಕಡಾ 5ರಂತೆ ಬಡ್ಡಿಯನ್ನು ರಾಜ್ಯದ ಬೊಕ್ಕಸವೇ ಖಾತ್ರಿಪಡಿಸಬೇಕು; ಗಾಡಿಯಲ್ಲಿ ನಷ್ಟವಾದರೆ ಆ ಭಾರವು ಪ್ರಜೆಗಳ ಮೇಲೆ. ಈ ಷರತ್ತುಗಳನ್ನು ಬಹಿರಂಗಪಡಿಸಬೇಕು, ಜನರಿಗೆ ತಿಳಿಸದೆ ಒಪ್ಪಂದ ಕೂಡದು ಎಂದು ಕೆಲವರು ವಿದ್ಯಾವಂತರು ದನಿಯೆತ್ತಿದರು. ಅವರಲ್ಲಿ ಪ್ರಮುಖರಾದವರು ಸರೋಜಿನಿ ನಾಯುಡು ಅವರ ತಂದೆ ಡಾಕ್ಟರ್ ಅಘೋರನಾಥ ಚಟ್ಟೋಪಾಧ್ಯಾಯರು ಮತ್ತು ಮುಲ್ಲಾ ಅಬ್ದುಲ್ ಖಯ್ಯೂಮರು. ಅದರ ಫಲವಾಗಿ ಅಘೋರನಾಥರು ರಾಜ್ಯದಿಂದ ಗಡೀಪಾರಾದರು. ರೈಲಿನ ಲೆಕ್ಕವನ್ನು ಕೇಳಿದ್ದಕ್ಕಾಗಿ ಒಬ್ಬ ಶಿಕ್ಷಣವೇತ್ತರನ್ನು ಹೊರಗಟ್ಟಿದ ಈ ಪ್ರಸಂಗವು ‘ಚಾಂದಾ ರೈಲ್ವೆ’ ಪ್ರಕರಣವೆಂದು ಪ್ರಸಿದ್ಧವಾಗಿದೆ. ಒಪ್ಪಂದವಂತೂ ನಿಲ್ಲಲಿಲ್ಲ. ಲಂಡನ್ನಿನಲ್ಲಿ ನೋಂದಾಯಿತವಾದ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಕಂಪೆನಿಯು 1885ರಲ್ಲಿ ದಾರಿಯನ್ನು ವಹಿಸಿಕೊಂಡಿತು. 1886ರಲ್ಲಿ ವಾರಂಗಲ್ಲಿಗೂ 1889ರಲ್ಲಿ ಬೆಜವಾಡಕ್ಕೂ ಮುಟ್ಟಿಸಿತು. ವಾಡಿಯ ಅಂಗಳದ ಎರಡು ಕಡೆಗಳಿಗೆ ಎರಡು ಬೇರೆ ಬೇರೆ ಕಂಪೆನಿಗಳು ಯಜಮಾನರಾದವು. ಮುಂಬಯಿಯ ದಾರಿಯ ಒಡೆತನವು 1900ರಲ್ಲಿ ಭಾರತ ಸರ್ಕಾರಕ್ಕೆ ಬಂದು, 1925ರಲ್ಲಿ ಅದರ ಆಡಳಿತವೂ ನೇರವಾಗಿ ಸರ್ಕಾರದ ಕೈಗೆ ಸೇರಿತು. ನಿಜಾಮರ ದಾರಿಯನ್ನು 1930ರ ಏಪ್ರಿಲ್ 1ರಂದು ಹೈದರಾಬಾದು ಸರ್ಕಾರವು ಕೊಂಡುಕೊಂಡಿತು. ಮೊದಲಿಗೆ ತನ್ನ ಹಣದಿಂದಲೇ ಹಾಕಿಸಿದ ದಾರಿಯನ್ನು ಮತ್ತೊಮ್ಮೆ ಹಣಕೊಟ್ಟು ಬಿಡಿಸಿಕೊಂಡಂತಾಯಿತು. ಎರಡು ವರ್ಷಗಳ ನಂತರ, 1932ರಲ್ಲಿ, ಅದೇ ರೈಲ್ವೆಯು 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ಹಳಿಯು ಮುಟ್ಟದ ಊರುಗಳಿಗೆ ಬಸ್ಸನ್ನು ಮುಟ್ಟಿಸುವ ಆಲೋಚನೆಯು ಅಂದಿನಿಂದಲೇ ಬಂದುದು. ಚಂದಾಪುರದಂಥ ಊರಿನವರು ಇಂದಿಗೂ ರೈಲನ್ನು ಬಸ್ಸಿನ ಮೂಲಕವೇ ಕಾಣುತ್ತಾರೆ.

ಈ ಅಂಗಳದ ಮೂಲಕ ಹಾದುಹೋದ ಸರಕು ಯಾವುದು? ಮೊದಲನೆಯದಾಗಿ ಕಲ್ಲು. ಭೀಮಾ ಕಾಗಿಣಾ ಬಯಲಿನ ಸುಣ್ಣಕಲ್ಲು ಪದರಪದರವಾಗಿ ಏಳುತ್ತದೆ. ಉಳಿ ಸುತ್ತಿಗೆಗಳಿಂದಲೇ ಅದನ್ನು ಚಪ್ಪಡಿಯಾಗಿ ಎತ್ತಬಹುದು. ಗಾಡಿಗೆ ತುಂಬಿದ ನಿಲ್ದಾಣದ ಹೆಸರೇ ಅದಕ್ಕೆ ಅಂಟಿಕೊಂಡು, ದೇಶದ ಮನೆಮನೆಯ ನೆಲಕ್ಕೆ ‘ಶಹಾಬಾದ್ ಕಲ್ಲು’ ಬಂದಿತು. ಎರಡನೆಯದು ಕಲ್ಲಿದ್ದಲು. ನಿಜಾಮರ ರಾಜ್ಯದ ಪೂರ್ವಭಾಗದ ಸಿಂಗರೇಣಿ ಗಣಿಗಳ ಕಲ್ಲಿದ್ದಲು ಪಶ್ಚಿಮಕ್ಕೆ ಬರುವ ಹೆಬ್ಬಾಗಿಲು ವಾಡಿಯಾಯಿತು. ಮೂರನೆಯದು ಧಾನ್ಯ. 1876ರಿಂದ 1878ರ ವರೆಗಿನ ಮಹಾಕ್ಷಾಮವು ಕಲಬುರ್ಗಿ, ರಾಯಚೂರು, ಲಿಂಗಸುಗೂರು ಸೀಮೆಗಳನ್ನು ನಡುಗಿಸಿದಾಗ ವಾಡಿಯ ಕವಲಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಹಳಿಯ ಸಮೀಪದ ಊರಿಗೆ ದೂರದ ಧಾನ್ಯವು ಬರಬಲ್ಲದು. ಹಳಿಯಿಂದ ಎತ್ತಿನ ಗಾಡಿಯ ಹಲವು ದಿನಗಳ ದಾರಿಯಲ್ಲಿರುವ ಊರಿಗೆ ಎತ್ತುಗಳೇ ಮೇವಿಲ್ಲದೆ ಸಾಯುವ ಕಾಲದಲ್ಲಿ ಅದು ಮುಟ್ಟುವುದು ಕಠಿನ. ರೈಲಿನ ದೂರವು ಎಂಥ ದೂರವೆಂಬುದನ್ನು ಕ್ಷಾಮದ ಕಾಲವು ಕಲಿಸಿತು.

ನಾಲ್ಕನೆಯದು ಸಿಮೆಂಟು. ಚಪ್ಪಡಿಯಾಗುವ ಸುಣ್ಣಕಲ್ಲು ಸುಟ್ಟರೆ ಸಿಮೆಂಟೂ ಆಗುತ್ತದೆ. ಶಹಾಬಾದಿನಲ್ಲಿ ತಲೆಯೆತ್ತಿದ ಸಿಮೆಂಟ್ ಕಂಪೆನಿಯು 1936ರಲ್ಲಿ ಅಸೋಸಿಯೇಟೆಡ್ ಸಿಮೆಂಟ್ ಕಂಪೆನೀಸ್ ಎಂಬ ದೊಡ್ಡ ಒಕ್ಕೂಟದಲ್ಲಿ ವಿಲೀನವಾಯಿತು. ಅದೇ ಸಂಸ್ಥೆಯ ಕಾರ್ಖಾನೆಯು 1968ರಲ್ಲಿ ವಾಡಿಯಲ್ಲಿಯೂ ಆರಂಭವಾಯಿತು. ಆಮೇಲೆ ಮಳಖೇಡ, ಸೇಡಂ, ಕುರಕುಂಟಾಗಳಲ್ಲಿಯೂ ಸಿಮೆಂಟಿನ ಗೂಡುಗಳು ಎದ್ದವು. ಎಲ್ಲವೂ 1874ರಲ್ಲಿ ಹಾಕಿದ ಆ ಪೂರ್ವದ ಕವಲಿನ ಆಸರೆಯಲ್ಲೇ. ದಂಡಿನ ಅನುಕೂಲಕ್ಕೆಂದು ಹಾಕಿದ ಹಳಿಯು ನೂರು ವರ್ಷಗಳ ನಂತರ ಸಿಮೆಂಟಿನ ಹಳಿಯಾಯಿತು. ಕಟ್ಟಿದವರ ಉದ್ದೇಶವು ಅಳಿದರೂ ಕಟ್ಟಡವು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಇನ್ನು ಈ ಹಳೆಯ ವ್ಯವಸ್ಥೆಯು ಹೇಗೆ ಕೊನೆಗಂಡಿತೆಂಬುದನ್ನು ಹೇಳಬೇಕು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತ ಒಕ್ಕೂಟದಲ್ಲಿ ಸೇರಿತು. ನಿಜಾಮರ ರೈಲ್ವೆಯು 1950ರಲ್ಲಿ ಭಾರತ ಸರ್ಕಾರದ ವಶಕ್ಕೆ ಬಂದಿತು. 1951ರ ನವೆಂಬರ್ 5ರಂದು ಅದೂ, ಹಳೆಯ ಮುಂಬಯಿ ಕಂಪೆನಿಯ ದಾರಿಯೂ ಒಂದಾಗಿ ಸೆಂಟ್ರಲ್ ರೈಲ್ವೆಯಾಯಿತು. ವಾಡಿಯ ಇತಿಹಾಸದಲ್ಲಿ ಅದು ಮಹತ್ವದ ದಿನ. ಅಂಗಳದ ಎರಡು ಪಕ್ಕಗಳಿಗೂ ಒಬ್ಬನೇ ಯಜಮಾನನಾದ ಮೇಲೆ ವಿನಿಮಯದ ಹಳಿಯಲ್ಲಿ ನಿಂತು ವ್ಯಾಗನ್ನಿನ ಬಾಡಿಗೆಯನ್ನು ಯಾರಿಂದ ಯಾರು ಪಡೆಯಬೇಕು? ಕಾನೂನು ಒಂದಾಯಿತು, ನಾಣ್ಯವು ಒಂದಾಯಿತು. 1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯವನ್ನು ಸೇರಿದವು. ತಾಂಡೂರು ಆಂಧ್ರದಲ್ಲಿ ಉಳಿಯಿತು. ಹಿಂದೆ ಒಂದೇ ಪ್ರಭುತ್ವದಲ್ಲಿದ್ದ ಸೇಡಂ ತಾಂಡೂರುಗಳ ನಡುವೆ ಈಗ ರಾಜ್ಯದ ಗಡಿಯು ಬಂದಿತು.

ಮುಂದೆ ಉಗಿಯ ಯುಗವೂ ಮುಗಿಯಿತು. ನಮ್ಮ ದೇಶದ ಅಗಲ ಹಳಿಗಳ ಮೇಲಿಂದ ನಿತ್ಯಸೇವೆಯ ಉಗಿ ಇಂಜಿನ್ನುಗಳು 1995ರ ವೇಳೆಗೆ ಮರೆಯಾದವು. ಅವುಗಳೊಡನೆ ನೀರಿನ ಸೊಂಡಿಲು, ಬೂದಿಯ ಗುಂಡಿ, ತಿರುಗಣೆಗಳ ಕೆಲಸವೂ ತೀರಿತು. ಇತ್ತೀಚಿನ ದಶಕಗಳಲ್ಲಿ ಮೂರು ದಿಕ್ಕಿನ ದಾರಿಗಳ ಮೇಲೂ ವಿದ್ಯುತ್ತಿನ ತಂತಿಯು ಹರಡಿದ ಮೇಲೆ ಇಂಜಿನ್ನನ್ನು ಬದಲಿಸುವ ಪದ್ಧತಿಯೂ ಅನಾವಶ್ಯಕವಾಯಿತು. ರಾಯಚೂರಿನ ಕವಲಿಗೂ ಚಿತ್ತಾಪುರದ ಕವಲಿಗೂ ನೇರವಾದ ಒಂದು ಅಡ್ಡಹಳಿಯು ಬಂದು, ಆ ಎರಡು ದಿಕ್ಕುಗಳ ನಡುವಣ ಗಾಡಿಗಳು ವಾಡಿಯಲ್ಲಿ ಬೆನ್ನು ತಿರುಗಿಸುವ ಕಷ್ಟವು ಪರಿಹಾರವಾಯಿತು. ಹಾಗೆ ಹೋಗುವ ಗಾಡಿಯು ವಾಡಿಯ ನಿಲ್ದಾಣವನ್ನು ನೋಡದೆಯೇ ಹೋಗಿಬಿಡುತ್ತದೆ. ಕವೆಗೋಲಿನ ಎರಡು ಕವಲುಗಳು ಕಡೆಗೂ ಒಂದರ ಕೈಯನ್ನೊಂದು ಹಿಡಿದವು; ಅದಕ್ಕೆ ಜಂಕ್ಷನ್ನಿನ ಹಿರಿಮೆಯೇ ಸ್ವಲ್ಪಮಟ್ಟಿಗೆ ಬೆಲೆಯಾಯಿತು.

ಹಾಗಾದರೆ ಹಳೆಯ ಅಂಗಳದ್ದೆಲ್ಲವೂ ಅಳಿಯಿತೆ? ಅತ್ಯಂತ ಗಟ್ಟಿಯಾದುದೊಂದು ಉಳಿದಿದೆ. ಅದು ಕಣ್ಣಿಗೆ ಕಾಣದ ಗಡಿರೇಖೆ. 1966ರ ಅಕ್ಟೋಬರ್ 2ರಂದು ಸಿಕಂದರಾಬಾದನ್ನು ಕೇಂದ್ರವನ್ನಾಗಿ ಮಾಡಿಕೊಂಡು ದಕ್ಷಿಣ ಮಧ್ಯ ರೈಲ್ವೆಯು ಹುಟ್ಟಿತು. ಸೊಲ್ಲಾಪುರ ವಿಭಾಗವೂ ಮೊದಲು ಅದರಲ್ಲೇ ಸೇರಿತ್ತು; 1977ರಲ್ಲಿ ಅದು ಸೆಂಟ್ರಲ್ ರೈಲ್ವೆಗೆ ಹಿಂದಿರುಗಿತು. ಈ ಹಂಚಿಕೆಗಳ ಫಲವಾಗಿ ಮುಂಬಯಿಯತ್ತಣ ಹಿಡಿಯು ಸೊಲ್ಲಾಪುರ ವಿಭಾಗಕ್ಕೆ, ಹೈದರಾಬಾದಿನ ಕವಲು ಸಿಕಂದರಾಬಾದ್ ವಿಭಾಗಕ್ಕೆ, ರಾಯಚೂರಿನ ಕವಲು ಗುಂತಕಲ್ ವಿಭಾಗಕ್ಕೆ ಸೇರಿದವು. ನಿಜಾಮರು ಹೋದರು, ಲಂಡನ್ನಿನ ಕಂಪೆನಿಯು ಹೋಯಿತು, ಹಾಲಿ ಸಿಕ್ಕಾ ಹೋಯಿತು. ಆದರೆ ವಾಡಿಯ ಅಂಗಳದಲ್ಲಿ 1874ರಲ್ಲಿ ಎಳೆದ ಗೆರೆಯು ಹೊಸ ಹೆಸರುಗಳನ್ನು ತೊಟ್ಟು ಹಾಗೆಯೇ ನಿಂತಿತು. ಆ ಮೂರು ಕೇಂದ್ರಗಳಲ್ಲಿ ಒಂದೂ ಕರ್ನಾಟಕದ ನೆಲದಲ್ಲಿಲ್ಲ. ಚಿತ್ತಾಪುರದಲ್ಲಿ ಗಾಡಿ ನಿಲ್ಲಬೇಕೆಂದು ಕೇಳುವವರ ಅರ್ಜಿಯು ಒಂದು ಊರಿಗೆ ಹೋಗಬೇಕಾಗಿತ್ತು, ಶಹಾಬಾದಿನವರದು ಇನ್ನೊಂದು ಊರಿಗೆ, ಯಾದಗಿರಿಯವರದು ಮತ್ತೊಂದು ಊರಿಗೆ. ಕಲಬುರ್ಗಿಗೆ ಪ್ರತ್ಯೇಕ ವಿಭಾಗವು ಬೇಕೆಂಬ ಬೇಡಿಕೆಯು ಹುಟ್ಟಿದುದು ಈ ಅನುಭವದಿಂದಲೇ. ಆ ಜಿಲ್ಲೆಯವರೇ ಆದ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಗಳಾಗಿದ್ದಾಗ, 2014ರಲ್ಲಿ, ಅಂಥ ವಿಭಾಗವು ಘೋಷಿತವಾಯಿತು. ಆದರೆ ಘೋಷಣೆಯು ವರ್ಷಗಟ್ಟಲೆ ಕಾಗದವನ್ನು ಬಿಟ್ಟು ಹಳಿಗೆ ಇಳಿಯಲಿಲ್ಲ.

ಹಳಿಗಳ ದಿಕ್ಕಿನ ವಿಷಯದಲ್ಲಿಯೂ ಇದೇ ಕಥೆ. ಒಂದೂವರೆ ಶತಮಾನದ ಕಾಲ ವಾಡಿಯ ಮೂರು ಕೈಗಳಲ್ಲಿ ಒಂದೂ ಕನ್ನಡನಾಡಿನ ಒಳಭಾಗದ ಕಡೆಗೆ ಚಾಚಿರಲಿಲ್ಲ. ಗದಗ, ಹುಬ್ಬಳ್ಳಿ, ಬಳ್ಳಾರಿಗಳ ದಾರಿಗಳು ಬಹುಕಾಲ ಮೀಟರ್ ಗೇಜಿನ ಸಣ್ಣ ಹಳಿಗಳಾಗಿದ್ದುದರಿಂದ ವಾಡಿಯ ವ್ಯಾಗನ್ನು ಅಲ್ಲಿಗೆ ಹೋಗುವಂತೆಯೇ ಇರಲಿಲ್ಲ. ಇಂದಿಗೂ ವಾಡಿಯಿಂದ ಬೆಂಗಳೂರಿಗೆ ಹೋಗುವ ಗಾಡಿಯು ರಾಯಚೂರನ್ನು ದಾಟಿ, ಆಂಧ್ರದ ಗುಂತಕಲ್ಲನ್ನು ಕಂಡೇ ಮತ್ತೆ ಕರ್ನಾಟಕವನ್ನು ಹೊಕ್ಕುತ್ತದೆ. 2017ರಲ್ಲಿ ಕಲಬುರ್ಗಿಗೂ ಬೀದರಕ್ಕೂ ನೇರ ಹಳಿಯು ಕೂಡಿದುದು ಒಂದು ಸಮಾಧಾನ. ಅದಕ್ಕಿಂತ ದೊಡ್ಡದು 2013-14ರಲ್ಲಿ ಮಂಜೂರಾದ ಗದಗ-ವಾಡಿ ಮಾರ್ಗ. ಸುಮಾರು 250 ಕಿಲೋಮೀಟರು, ಎಂದರೆ 155 ಮೈಲಿಗಳ ಈ ದಾರಿಯು ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳ ಹಳಿ ಕಾಣದ ಊರುಗಳ ಮೇಲೆ ಬಂದು ವಾಡಿಯನ್ನು ಸೇರಬೇಕಾದುದು. ತುಂಡುತುಂಡಾಗಿ ಅದರ ಕೆಲಸವು ಸಾಗಿದೆ. ಅದು ಪೂರ್ಣವಾದ ದಿನ ಕವೆಗೋಲಿಗೆ ಒಂದು ಹೊಸ ಕೈ ಮೂಡುತ್ತದೆ. ಬಂದರಿಗಾಗಿ ಒಂದು ಕೈ, ದಂಡಿಗಾಗಿ ಒಂದು ಕೈ ಎಂದು ಚಾಚಿದ ಅಂಗಳವು ಆಗ ಮೊಟ್ಟಮೊದಲಿಗೆ ತನ್ನ ಭಾಷೆಯ ಜನರಿಗಾಗಿ ಒಂದು ಕೈಯನ್ನು ಚಾಚಿದಂತಾಗುತ್ತದೆ.

ಒಂದು ಊರಿನ ಚರಿತ್ರೆಯನ್ನು ತಿಳಿಯಬೇಕೆನ್ನುವವರು ಸಾಧಾರಣವಾಗಿ ಅಲ್ಲಿನ ದೇವಾಲಯವನ್ನೂ ಶಾಸನವನ್ನೂ ಅರಸುತ್ತಾರೆ. ವಾಡಿಯ ಶಾಸನವು ಕಬ್ಬಿಣದಲ್ಲಿ ಬರೆದಿದೆ. ಮುಂದಿನ ಸಲ ಆ ದಾರಿಯಲ್ಲಿ ಪ್ರಯಾಣ ಮಾಡುವವರು ಗಾಡಿಯು ಅಂಗಳವನ್ನು ಹೊಕ್ಕುವಾಗ ಒಂದು ಕ್ಷಣ ಕಿಟಕಿಯಿಂದ ಹೊರಗೆ ನೋಡಿ, ಹಳಿಗಳು ಯಾವ ಕಡೆಗೆ ಬಾಗುತ್ತವೆ, ಯಾವ ಕಡೆಗೆ ಬಾಗುವುದಿಲ್ಲವೆಂಬುದನ್ನು ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ಚಂದಾಪುರದ ನಮ್ಮ ಗೃಹಸ್ಥರು ಅಲ್ಲಿಯೇ ಇಳಿದು, ದಿಕ್ಕು ತಿರುಗದೆ, ಮಗಳ ಮನೆಗೆ ನೇರವಾಗಿ ಹೋಗುವ ಗಾಡಿಯನ್ನು ಹತ್ತುವ ಕಾಲವು ಬೇಗ ಬರಲಿ.